ಕರೆಂಟು ಹೋದಾಗ ಬಾಗಿಲು

ಡ್ರಿಲ್ ಹೊರತೆಗೆಯುವ ಮೊದಲೇ ಕೇಳಿಬಿಡಬೇಕು,
ಸಂಕೋಚಪಡಬಾರದು:
ಕರೆಂಟು ಹೋದಾಗ ನಿಮ್ಮ ಬಾಗಿಲು
ತೆರೆದುಕೊಳ್ಳಲೋ, ಮುಚ್ಚಿಯೇ ಇರಲೋ?
ಎರಡಕ್ಕೂ ಬೇರೆ ಬೇರೆ ಬೀಗ, ರೇಟೂ ಬೇರೆ.
ಆಮೇಲೆ ಮನಸ್ಸು ಬದಲಾದರೆ
ಚೌಕಟ್ಟಿನಲ್ಲಿ ತೂತು ಉಳಿಯುತ್ತದೆ.

ಗೋಣಿಕೊಪ್ಪದ ಚಿನ್ನದಂಗಡಿ ಹೇಮರಾಜ್ ಸೇಠ್
ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ.
ಮುಚ್ಚಿರಲಿ, ಎಂದರು. ಭೂಕಂಪ ಆದರೂ.
ನೀವು ಒಳಗಿದ್ದರೆ? ಎಂದೆ.
ಆಗ ಎತ್ತಿದರು.

ವಿರಾಜಪೇಟೆಯ ನರ್ಸಿಂಗ್ ಹೋಮಿನಲ್ಲಿ
ಸಿಸ್ಟರ್ ಫಿಲೋಮಿನಾ ಪ್ರಶ್ನೆ ಮುಗಿಸಲೂ ಬಿಡಲಿಲ್ಲ:
ತೆರೀಲಿ, ತೆರೀಲಿ, ಎಲ್ಲಾ ತೆರೀಲಿ,
ಔಷಧಿ ಕೋಣೆ ಒಂದು ಬಿಟ್ಟು.

ಸಿದ್ದಾಪುರದ ಆಚೆ, ಮೆಣಸಿನ ಗೋಡೌನಿನ ಮುಂದೆ
ಮಂದಣ್ಣ ಹೊಟ್ಟೆ ಹಿಡಿದು ನಕ್ಕರು.
ನಮ್ಮಲ್ಲಿ ಕರೆಂಟು ಬಂದಾಗ ಏನು ಮಾಡೋದು ಅಂತ ಕೇಳು.
ಹೋದ ವಾರ ಒಂಟಿ ಸಲಗ ಬಂದು
ಭತ್ತದ ಕೋಣೆಯ ಬಾಗಿಲನ್ನು ಚೌಕಟ್ಟು ಸಮೇತ ಕಿತ್ತು
ಗೋಡೆಗೆ ಒರಗಿಸಿಟ್ಟು ಹೋಯಿತು, ನೀಟಾಗಿ.
ಅದಕ್ಕೂ ಒಂದು ಕಾರ್ಡು ಮಾಡಿಕೊಡು ಮಾರಾಯ,
ಬಾಗಿಲಾದರೂ ಉಳೀತದೆ.

ಅಲ್ಲಿ ಬೆರಳು ಕೊಡಲು ಹನ್ನೊಂದು ಜನ ಸಾಲು ನಿಂತರು.
ರೈಟರ್ ಹೆಸರು ಕೂಗುತ್ತಿದ್ದ.
ಮೆಷಿನ್ನಿನ ಹೆಣ್ಣು ದನಿ ಪ್ರತಿ ಬೆರಳಿಗೂ
ಥ್ಯಾಂಕ್ ಯೂ ಅನ್ನುತ್ತಿತ್ತು.
ಉಳಿದವರು ಸುಮ್ಮನೆ ಸರಿದರು.
ಕರ್ಪಿ ಮಾತ್ರ ಅದರ ಕಡೆ ತಿರುಗಿ
ಹೂಂ, ಎಂದಳು.

ಕುಶಾಲನಗರದ ಭೋಜಮ್ಮ ಟೀಚರ ಮನೆಗೆ
ಎರಡು ವರ್ಷದ ಹಿಂದೆ ಹಾಕಿದ್ದೆ.
ಒಂದನೇ ನಂಬರು ಅವರದು, ಎರಡು ಯಜಮಾನರದು,
ಮೂರು ಮಗಳ ಹೆಬ್ಬೆರಳು.
ಮಕ್ಕಳ ಬೆರಳು ಬೆಳೆಯುತ್ತದೆ,
ವರ್ಷಕ್ಕೊಮ್ಮೆ ಹೊಸದಾಗಿ ಕೊಡಬೇಕು.
ಅದಕ್ಕೇ ಕರೆದಿರಬೇಕು ಅಂದುಕೊಂಡು ಹೋದೆ.

ಎರಡನೇ ನಂಬರು ಅಳಿಸಬೇಕಿತ್ತು.

ನಮ್ಮ ಕೆಲಸದಲ್ಲಿ ಯಾಕೆ ಅಂತ ಕೇಳುವುದಿಲ್ಲ.
ಮೆನು, ಮಾಸ್ಟರ್ ಕೋಡ್, ಡಿಲೀಟ್, ಎರಡು.
ಖಚಿತವೇ? ಎಂದಿತು ಪರದೆ.
ನನ್ನ ಬೆರಳು ಅಲ್ಲೇ ನಿಂತಿತು.
ಅವರು ಸೀರೆಯ ಸೆರಗಿಗೆ ಕೈ ಒರೆಸಿಕೊಂಡು
ಬಂದು ತಾವೇ ಒತ್ತಿದರು.

ಆಮೇಲೆ, ಕಾಫಿ ತಂದಿಟ್ಟು:
ಅವತ್ತು ಏನೋ ಕೇಳಿದ್ದಿರಲ್ಲ ನೀವು,
ಕರೆಂಟು ಹೋದಾಗ ಅಂತ?
ಕೇಳಿದ್ದೆ. ಉತ್ತರ ಹೇಳಿದ್ದು ಅವರಾಗಿರಲಿಲ್ಲ.
ತೆರೆದುಕೊಳ್ಳಲಿ, ಎಂದಿದ್ದ ಆ ಗಂಡು ದನಿ
ಈಗಲೂ ಬಾಗಿಲ ನೆತ್ತಿಯ ಮೇಲೆ
ಅಂಗೈ ಅಗಲದ ಅಯಸ್ಕಾಂತವಾಗಿ ಕೂತಿತ್ತು.

ಬಿಚ್ಚಿದೆ. ನಾಲ್ಕು ಸ್ಕ್ರೂ, ಒಂದು ವೈರು.
ಇನ್ನೊಂದು ಜಾತಿಯ ಬೀಗ ಹಾಕಿದೆ,
ಒಳಗಿನ ಹಿಡಿ ಮಾತ್ರ ಸಲೀಸಾಗಿ ತಿರುಗುವಂತೆ.
ಹೊರಗೆ ಹೋಗುವವರನ್ನು ಯಾವ ಬೀಗವೂ ತಡೆಯಬಾರದು,
ಅದು ನಿಯಮ. ಸೇಠ್‌ಗೂ ಹಾಗೆಯೇ ಹಾಕಿದ್ದೇನೆ.
ನಾಲ್ಕು ತೂತು ಉಳಿದವು.
ಮಗಳು ಕುರ್ಚಿ ಹತ್ತಿ
ಒಂದೊಂದಕ್ಕೂ ಬಣ್ಣದ ಕಡ್ಡಿಯ ಚೂರು ತುರುಕಿದಳು,
ಮೂರು ನೀಲಿ, ಒಂದು ಕಿತ್ತಳೆ,
ನೀಲಿ ಮುಗಿದುಹೋಯಿತು ಅಂತ.

ವಾಪಸು ಬರುವಾಗ ಆನೆಕಾಡು ದಾಟಿ
ಸುಂಟಿಕೊಪ್ಪದ ದೀಪಗಳು ಕಂಡವು, ಹೋದವು.
ಲೈನು ಹೋಗಿದೆ, ಎಂದ ಹಿಂದೆ ಕೂತಿದ್ದ ಅಶ್ಕರ್.
ಸ್ಕೂಟರು ನಿಲ್ಲಿಸಿದೆ.
ಈ ಕತ್ತಲೆಯೊಳಗೆ ಎಲ್ಲೆಲ್ಲೋ
ನಾನು ಕೂರಿಸಿದ ಬಾಗಿಲುಗಳು
ಯಾರೋ ಎಂದೋ ಕೊಟ್ಟ ಉತ್ತರವನ್ನು
ನೆನಪು ಮಾಡಿಕೊಳ್ಳುತ್ತಿರುತ್ತವೆ.
ಯಾವುದು ಯಾವುದು ಅಂತ ನನಗೊಬ್ಬನಿಗೆ ಗೊತ್ತು.
ಬ್ಯಾಟರಿ ಇದೆಯಲ್ಲ, ಎಂದ ಅಶ್ಕರ್, ನಾಲ್ಕು ಗಂಟೆ ತಡೀತದೆ.
ಹೌದು, ನಾಲ್ಕು ಗಂಟೆ.

ಮೊಯ್ದಕ್ಕನ ಚಾದಂಗಡಿಯಲ್ಲಿ ಮೇಣದಬತ್ತಿ ಉರಿಯುತ್ತಿತ್ತು.
ಅಂಗಡಿಗೆ ಹಲಗೆ ಬಾಗಿಲು, ಇದ್ದಿಲಲ್ಲಿ ಬರೆದ ನಂಬರು,
ಒಂದರಿಂದ ಒಂಬತ್ತು, ಸಾಲು ತಪ್ಪಿದರೆ ಕೂರುವುದಿಲ್ಲ.
ಐದನೆಯದು ಕಳೆದು ವರ್ಷವಾಯಿತಂತೆ.
ಮತ್ತೆ? ಎಂದೆ.
ಮತ್ತೇನು, ಎಂದ ಅವನು ಚಾ ಎತ್ತಿ ಹುಯ್ಯುತ್ತಾ,
ಬೆಕ್ಕು ಅಲ್ಲಿಂದ ಬರ್ತದೆ.